ಹಳೇ ಇದ್ದಿಲು ನಾಯಿ ಚಿತ್ರ ಮನೆಗೆ ತಂದಿದೀರಾ? ಒರೆಸೋಕೆ ಮುಂಚೆ ಇದನ್ನ ಓದಿ

ತಿಂಗಳಿಗೆ ಇಬ್ರು ಮೂವರಾದ್ರೂ ನಂಗೆ ಒಂದು ಫೋಟೋ ಕಳಿಸ್ತಾರೆ. ಫೋಟೋದಲ್ಲಿರೋ ನಾಯಿ ಬೇರೆ ಬೇರೆ, ಕಥೆ ಮಾತ್ರ ಒಂದೇ. ಶನಿವಾರ ಎಸ್ಟೇಟ್ ಸೇಲಿಗೆ ಹೋಗಿದ್ವಿ, ಕಪ್ಪು ಬಿಳುಪಿನ ನಾಯಿ ಚಿತ್ರ ಸಿಕ್ತು, ಮೂಲೇಲಿ ಏನೋ ಸಹಿ ಇದೆ ಓದೋಕಾಗ್ತಿಲ್ಲ, ಒರಿಜಿನಲ್ಲಾ, ಬೆಲೆ ಬಾಳತ್ತಾ, ಒಳಗೆ ಧೂಳು ಕೂತಿದೆ ಒರೆಸ್ಲಾ? ಕೊನೇ ಪ್ರಶ್ನೆಗೆ ಉತ್ತರ ಮೊದಲೇ ಕೊಟ್ಬಿಡ್ತೀನಿ, ಒರೆಸ್ಬೇಡಿ. ಉಳಿದಿದ್ದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಮಾಡಿ ಬೆರಳು ನೋವು ಬಂದಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ.

ಊರಲ್ಲಿರೋ ಓದುಗರಿಗೆ ಒಂದು ಮಾತು. ಎಸ್ಟೇಟ್ ಸೇಲ್ ಅಂದ್ರೆ ಇಲ್ಲಿ ಅಮೆರಿಕದಲ್ಲಿ ಮನೆ ಹಿರಿಯರು ತೀರಿಕೊಂಡಾಗಲೋ ವೃದ್ಧಾಶ್ರಮಕ್ಕೆ ಹೋದಾಗಲೋ ಸೌಟಿಂದ ಸೋಫಾ ತನಕ ಎಲ್ಲಕ್ಕೂ ಬೆಲೆ ಚೀಟಿ ಹಚ್ಚಿ ಆ ಮನೆಯೊಳಗೇ ಮಾರೋದು. ಮೊದಲ ದಿನ ಪೂರ್ತಿ ಬೆಲೆ, ಕೊನೇ ದಿನ ಸಾಮಾನ್ಯವಾಗಿ ಅರ್ಧ. ನಾನಿರೋದು ಒಹಾಯೋದಲ್ಲಿ, ಅದಕ್ಕೆ ಉದಾಹರಣೆ ಎಲ್ಲ ಈ ಕಡೆಯವು. ಆದ್ರೆ ಮಿಶಿಗನ್ನಲ್ಲಿ ಸಿಕ್ಕಿದ್ರೂ ಟೆಕ್ಸಸಲ್ಲಿ ಸಿಕ್ಕಿದ್ರೂ ನೋಡೋ ಕ್ರಮ ಇದೇ.

ಇಂಥ ಚಿತ್ರ ಬರೆದೋರು ಹೆಚ್ಚಿನವರು ದೊಡ್ಡ ಹೆಸರಿನವರಲ್ಲ. ಸ್ಕೂಲ್ ಡ್ರಾಯಿಂಗ್ ಮೇಷ್ಟ್ರು, ಪೇಪರಿಗೆ ಜಾಹೀರಾತು ಬರೀತಿದ್ದೋರು, ಬೋರ್ಡ್ ಬರೀತಿದ್ದೋರು, ಸಂಜೆ ಹೊತ್ತು ಅಕ್ಕಪಕ್ಕದವರ ನಾಯಿ ಬರೆದುಕೊಟ್ಟು ಒಂದಷ್ಟು ದುಡ್ಡು ಮಾಡ್ಕೊಂಡೋರು. ಆ ಊರು, ಆ ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರದ್ದು, ಅದನ್ನ ದಾಟಿದ್ರೆ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಹಾಗಂತ ಕೆಲಸ ಕಮ್ಮಿ ಅಲ್ಲ, ನಾಯಿ ಮೂಗಿನ ಒದ್ದೆ ಹೊಳಪನ್ನ ಬರೀ ಇದ್ದಿಲಲ್ಲಿ ತಂದಿರೋ ಅನಾಮಿಕರನ್ನ ನಾನು ನೋಡಿದೀನಿ.

ಬೇಕಾಗೋ ಸಾಮಾನು

10 ಪಟ್ಟು ದೊಡ್ಡದು ಮಾಡಿ ತೋರಿಸೋ ಭೂತಗನ್ನಡಿ ಒಂದು, ಒಡವೆ ಅಂಗಡಿಯವರು ಕಣ್ಣಿಗೆ ಹಿಡ್ಕೊಳ್ತಾರಲ್ಲ ಅಂಥದ್ದು, ಇಲ್ಲಿ ಲೂಪ್ ಅಂತಾರೆ. ಒಂದು ಯುವಿ ಟಾರ್ಚು, ಅಂದ್ರೆ ನೇರಳಾತೀತ ಬೆಳಕಿನದು. ಫೋನು. ಮೂತಿ ಚೂಪಾಗಿರೋ ಇಕ್ಕಳ. ದೊಡ್ಡ ಬಿಳಿ ಹಾಳೆ. ಸೀಸದ ಕಡ್ಡಿ, ಪೆನ್ ಬೇಡವೇ ಬೇಡ, ಚಿತ್ರ ಇರೋ ಟೇಬಲ್ ಮೇಲೆ ಪೆನ್ನು ಕಾಫಿ ಲೋಟ ಎರಡೂ ಬರಕೂಡದು. ಒಟ್ಟು ಖರ್ಚು ಒಂದು ಹೋಟೆಲ್ ಊಟಕ್ಕಿಂತ ಕಮ್ಮಿ.

1. ಕೊಳ್ಳೋ ಜಾಗದಲ್ಲೇ ನೋಡಬೇಕಾದ್ದು

ಚಿಕ್ಕವರಿದ್ದಾಗ ಇದ್ದಿಲಲ್ಲಿ ಹಲ್ಲುಜ್ಜಿದೋರಿಗೆ ನಾನೇನೂ ವಿವರಿಸಬೇಕಾಗಿಲ್ಲ, ಬೆರಳಿಗೆ ಹೇಗೆ ಅಂಟ್ಕೊಳತ್ತೆ, ಊದಿದ್ರೆ ಹೇಗೆ ಹಾರತ್ತೆ ಗೊತ್ತಲ್ಲ. ಚಿತ್ರದ ಇದ್ದಿಲೂ ಅದೇ ಜಾತಿ. ವಿಲೋ ಅನ್ನೋ ಮರದ ಕಡ್ಡಿ ಅಥವಾ ದ್ರಾಕ್ಷಿ ಬಳ್ಳಿಯನ್ನ ಗಾಳಿ ಆಡದ ಹಾಗೆ ಸುಟ್ಟು ಮಾಡಿದ್ದು, ಕಾಗದದ ಮೇಲೆ ಸುಮ್ನೆ ಕೂತಿರತ್ತೆ ಅಷ್ಟೇ, ಬಣ್ಣದ ಹಾಗೆ ಒಳಗಿಳಿದು ಕಚ್ಕೊಂಡಿರಲ್ಲ. ಇದ್ದಿಲ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಕಡ್ಡಿನೂ ಇದೆ, ಅದಕ್ಕೆ ಕಂಪ್ರೆಸ್ಡ್ ಚಾರ್ಕೋಲ್ ಅಂತಾರೆ, ಅದು ಇನ್ನೂ ಕಪ್ಪು, ಸ್ವಲ್ಪ ಜಾಸ್ತಿ ಹಿಡ್ಕೊಂಡಿರತ್ತೆ.

ಹಾಗಾಗಿ ಗೋಡೆಯಿಂದ ಇಳಿಸುವಾಗ ಕುಲುಕಬೇಡಿ, ತಟ್ಟಬೇಡಿ. ಮೊದಲು ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಇದೆಯಾ ಅಂತ ಪಕ್ಕದಿಂದ ನೋಡಿ. ಚಿತ್ರದ ಸುತ್ತ ಇರೋ ದಪ್ಪ ರಟ್ಟಿನ ಕಿಟಕಿಗೆ ಮ್ಯಾಟ್ ಅಂತಾರೆ, ಅದರ ಮುಖ್ಯ ಕೆಲಸಾನೇ ಗಾಜನ್ನ ದೂರ ಇಡೋದು, ಅಂದ ಆಮೇಲಿನ ಮಾತು. ಮ್ಯಾಟ್ ಇಲ್ಲದೆ ಗಾಜು ನೇರ ಚಿತ್ರಕ್ಕೆ ತಾಗಿದ್ರೆ ಅಲ್ಲಲ್ಲಿ ಒದ್ದೆ ಆದ ಹಾಗೆ ಗಾಢವಾದ ಪಟ್ಟೆ ಕಾಣತ್ತೆ, ಅಲ್ಲಿ ಅಂಟಿಕೊಂಡಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ.

ಕಾರಲ್ಲಿ ತರೋವಾಗ ಚಿತ್ರ ಮೇಲ್ಮುಖವಾಗಿ ಚಪ್ಪಟೆ ಮಲಗಿಸಿ. ಬೇಸಿಗೆಯಲ್ಲಿ ಡಿಕ್ಕಿಯಲ್ಲಿಟ್ಟು ಬರೋ ದಾರೀಲಿ ಕಾಸ್ಟ್ಕೋ ಅನ್ನೋ ದೊಡ್ಡ ಅಂಗಡಿಗೆ ನುಗ್ಗಬೇಡಿ, ಒಂದು ಗಂಟೆ ಅಂತ ಹೋದೋರು ಎರಡೂವರೆ ಗಂಟೆಗೆ ಮುಂಚೆ ಹೊರಗೆ ಬಂದಿದ್ದನ್ನ ನಾನಂತೂ ನೋಡಿಲ್ಲ.

2. ನಿಜವಾಗ್ಲೂ ಕೈಯಲ್ಲಿ ಬರೆದಿದ್ದಾ?

ಎಲ್ಲರೂ ಎಡವೋದು ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಲೂಪ್ ತಗೊಂಡು ನಾಯಿಯ ಕಿವಿ ಹತ್ರ, ಕಪ್ಪು ಬಣ್ಣ ಬೂದಿಗೆ ತಿರುಗೋ ಜಾಗ ನೋಡಿ. ಸಾಲಾಗಿ ಗುಂಡು ಗುಂಡು ಚುಕ್ಕೆ ಕಂಡ್ರೆ ಅದು ಹಾಫ್‌ಟೋನ್ ಅಚ್ಚು, ಅಂದ್ರೆ ಹಳೇ ಪೇಪರಲ್ಲಿ ಫೋಟೋ ಅಚ್ಚಾಗ್ತಿತ್ತಲ್ಲ ಅದೇ ವಿಧಾನ. ಬಣ್ಣಬಣ್ಣದ ಸಣ್ಣ ತುಂತುರು ಕಂಡ್ರೆ ಇಂಕ್‌ಜೆಟ್, ಅಂದ್ರೆ ನಿನ್ನೆ ಮೊನ್ನೆಯದು. ಚುಕ್ಕೆ ಇಲ್ಲ, ಆದ್ರೆ ಹುಳು ಹರಿದಾಡಿದ ಹಾಗೆ ಸೂಕ್ಷ್ಮ ಸುಕ್ಕು ಇದ್ರೆ ಕೊಲೊಟೈಪ್ ಅನ್ನೋ ಹಳೇ ಅಚ್ಚು, ಇದು ತುಂಬಾ ಜನರಿಗೆ ಮೋಸ ಮಾಡತ್ತೆ ಯಾಕಂದ್ರೆ ಬರಿಗಣ್ಣಿಗೆ ಥೇಟ್ ಇದ್ದಿಲಿನ ಹಾಗೇ ಕಾಣತ್ತೆ. ಕಲ್ಲಚ್ಚು, ಅಂದ್ರೆ ಲಿಥೋಗ್ರಾಫ್, ಇನ್ನೂ ಕಷ್ಟ, ಅದರಲ್ಲಿ ಕಲಾವಿದ ಕಲ್ಲಿನ ಮೇಲೆ ಕೈಯಾರೆ ಬರೆದಿರ್ತಾನೆ, ಗೆರೆ ಎಲ್ಲ ಜೀವಂತ ಇರತ್ತೆ, ಆದ್ರೆ ಮಸಿ ಕಾಗದದ ಜೊತೆ ಒಂದೇ ಸಮ ಕೂತಿರತ್ತೆ.

ನಿಜವಾದ ಇದ್ದಿಲು ಲೂಪಲ್ಲಿ ಹೇಗೆ ಕಾಣತ್ತೆ? ಕಾಗದದ ಮೈ ಉಬ್ಬು ತಗ್ಗು ಇರತ್ತಲ್ಲ, ಉಬ್ಬಿನ ಮೇಲೆ ಮಾತ್ರ ಪುಡಿ ಕೂತು ತಗ್ಗು ಬಿಳೀ ಉಳಿದಿರತ್ತೆ, ರಂಗೋಲಿ ಪುಡಿ ಒರಟು ಕಲ್ಲಿನ ಮೇಲೆ ಬಿದ್ದ ಹಾಗೆ. ಅಲ್ಲೊಂದು ಇಲ್ಲೊಂದು ಮಿಣುಕೋ ಕಣ ಇರತ್ತೆ, ಸುಟ್ಟ ಮರದ ಸಿಬಿರು ಅದು. ಬೆರಳಲ್ಲಿ ತೀಡಿದ ಜಾಗದಲ್ಲಿ ಪುಡಿ ತಗ್ಗಿಗೂ ಇಳಿದು ಬೂದಿ ಬಣ್ಣ ಆಗಿರತ್ತೆ. ಮೀಸೆ ಕೂದಲು, ಕಣ್ಣಿನ ಹೊಳಪು ನೋಡಿ, ಅಲ್ಲಿ ಒಂದೋ ರಬ್ಬರಲ್ಲಿ ಎತ್ತಿರ್ತಾರೆ, ಇಲ್ಲಾ ಬಿಳೀ ಚಾಕ್ ಹಾಕಿರ್ತಾರೆ. ಗೆರೆ ಓರೆ ಬೆಳಕಲ್ಲಿ ಲೋಹದ ಹಾಗೆ ಮಿಂಚಿದ್ರೆ ಅದು ಇದ್ದಿಲಲ್ಲ, ಪೆನ್ಸಿಲ್. ಪೆನ್ಸಿಲಾದ್ರೆ ಬೇಜಾರು ಬೇಡ, ಅದೂ ಒರಿಜಿನಲ್ಲೇ, ಆರೈಕೆನೂ ಸುಲಭ.

ಒಂದು ಎಚ್ಚರಿಕೆ, ಮುಟ್ಟಿ ಪರೀಕ್ಷೆ ಮಾಡೋದು ಬೇಡ. ಮೂಲೇಲಿ ಸ್ವಲ್ಪ ಉಜ್ಜಿ ನೋಡಿ ಕೈಗೆ ಅಂಟಿದ್ರೆ ಅಸಲಿ ಅಂತ ಯಾರೋ ಹೇಳಿಕೊಡ್ತಾರೆ, ಹೌದು ಅಂಟತ್ತೆ, ಅಂಟಿದ್ದು ವಾಪಸ್ ಹೋಗಲ್ಲ.

ಇನ್ನೊಂದು ಜಾತಿ ಇದೆ, ಅರ್ಧ ಫೋಟೋ ಅರ್ಧ ಚಿತ್ರ. ಸುಮಾರು 1860ರ ದಶಕದಿಂದ 1910ರ ತನಕ ಇಲ್ಲಿ ಕ್ರೇಯಾನ್ ಪೋರ್ಟ್ರೇಟ್ ಅನ್ನೋದು ಮನೆಮನೆಯಲ್ಲೂ ಇತ್ತು. ಸಣ್ಣ ಫೋಟೋವನ್ನ ದೊಡ್ಡದು ಮಾಡಿ ಕಾಗದದ ಮೇಲೆ ತೆಳುವಾಗಿ ಮೂಡಿಸಿ, ಅದರ ಮೇಲೆ ಇದ್ದಿಲು ಕ್ರೇಯಾನಲ್ಲಿ ತಿದ್ದಿ ಕೊಡ್ತಿದ್ರು. ಹೆಚ್ಚಾಗಿ ಅಜ್ಜ ಅಜ್ಜಿಯರದ್ದು, ಆದ್ರೆ ನಾಯಿದೂ ಸಿಗತ್ತೆ. ಗುರುತು ಏನಂದ್ರೆ ಅಳತೆ ಎಲ್ಲ ಕ್ಯಾಮೆರಾ ಹಿಡಿದ ಹಾಗೆ ಕರಾರುವಾಕ್ಕು, ತಿದ್ದದೆ ಬಿಟ್ಟ ಜಾಗದಲ್ಲಿ ಮಂಕಾದ ಫೋಟೋ ಇಣುಕತ್ತೆ, ಕಾಗದವನ್ನ ಬಟ್ಟೆಗೆ ಅಂಟಿಸಿ ಮರದ ಚೌಕಕ್ಕೆ ಬಿಗಿದಿರ್ತಾರೆ. ಇವು ಹಪ್ಪಳದ ಹಾಗೆ ಮುರಿಯತ್ತೆ, ಇದ್ರೆ ಬಿಚ್ಚೋ ಸಾಹಸಾನೇ ಬೇಡ, 4ನೇ ಹಂತ ಬಿಟ್ಟು ಮುಂದೆ ಹೋಗಿ.

3. ಮುಖ ಬಿಡಿ, ಬೆನ್ನು ನೋಡಿ

ನಂಗೆ ಬರೋ ನೂರು ಫೋಟೋದಲ್ಲಿ ತೊಂಬತ್ತು ಬರೀ ನಾಯಿ ಮುಖದ್ದೇ. ನಾನು ವಾಪಸ್ ಕೇಳೋದು ಒಂದೇ, ಹಿಂದಿನದ್ದು ಕಳಿಸಿ. ಹೆಸರಿಲ್ಲದ ಊರ ಕಲಾವಿದನ ಚಿತ್ರದಲ್ಲಿ ವಯಸ್ಸು, ಊರು, ಕೆಲವು ಸಲ ನಾಯಿ ಹೆಸರು ಕೂಡ ಇರೋದು ಬೆನ್ನಲ್ಲಿ.

ಫ್ರೇಮ್ ಅಂಗಡಿಯವನ ಚೀಟಿ ಇದ್ರೆ ವಿಳಾಸ ಓದಿ. ಅಮೆರಿಕದಲ್ಲಿ 1943ರಲ್ಲಿ ದೊಡ್ಡ ಊರುಗಳಿಗೆ ಒಂದು ಎರಡಂಕಿಯ ಅಂಚೆ ವಲಯದ ನಂಬರ್ ಬಂತು, ಕ್ಲೀವ್ಲೆಂಡ್ 14, ಒಹಾಯೋ ಅಂತ ಬರೀತಿದ್ರು. 1963ರಲ್ಲಿ ಐದಂಕಿಯ ಜಿಪ್ ಕೋಡ್ ಬಂತು, ರಾಜ್ಯದ ಹೆಸರಿಗೆ ಎರಡಕ್ಷರ ಬರೆಯೋ ಪದ್ಧತಿನೂ ಆಗಲೇ. ಅಂದ್ಮೇಲೆ ಚೀಟಿಯಲ್ಲಿ ಊರ ಮುಂದೆ ಸಣ್ಣ ನಂಬರ್ ಇದ್ರೆ ಚೀಟಿ 1943 ಮತ್ತು 1963ರ ನಡುವಿನದು ಅಂತ ಹೆಚ್ಚುಕಮ್ಮಿ ಧೈರ್ಯವಾಗಿ ಹೇಳ್ಬಹುದು, ಐದಂಕಿ ಇದ್ರೆ ಆಮೇಲಿನದು, ಏನೂ ಇಲ್ದಿದ್ರೆ ಮುಂಚಿನದು ಇರಬಹುದು, ಸಣ್ಣ ಊರೂ ಆಗಿರಬಹುದು. ಅಂಗಡಿಯವರು ಹಳೇ ಚೀಟಿ ಖಾಲಿ ಆಗೋ ತನಕ ಹಚ್ಚುತ್ತಿದ್ರು ಅನ್ನೋದೂ ತಲೇಲಿರಲಿ. ಮತ್ತೆ ಇದು ಫ್ರೇಮ್ ಹಾಕಿದ ಕಾಲ, ಚಿತ್ರ ಬರೆದ ಕಾಲ ಅಲ್ಲ, 1925ರ ಚಿತ್ರಕ್ಕೆ 1955ರಲ್ಲಿ ಮೊಮ್ಮಗಳು ಹೊಸ ಫ್ರೇಮ್ ಹಾಕಿಸಿರ್ತಾಳೆ.

ಹಿಂದೆ ತೆಳ್ಳನೆ ಮರದ ಹಲಗೆ ಇದ್ರೆ ಹಳೇ ಫ್ರೇಮ್, ಆದ್ರೆ ಖುಷಿ ಪಡೋ ಮೊದ್ಲು ನೆನಪಿಡಿ, ಆ ಮರದ ಆಮ್ಲ ಕಾಗದಕ್ಕೆ ಇಳಿದು ಹಲಗೆ ಗಂಟಿನ ಆಕಾರದಲ್ಲೇ ಕಂದು ಕಲೆ ಬಿದ್ದಿರತ್ತೆ. ಹಿಂದೆ ಅಂಟಿಸಿರೋ ಕಂದು ಕಾಗದವನ್ನ ಹರಿದು ಬಿಸಾಡೋಕೆ ಮುಂಚೆ ಓರೆ ಬೆಳಕಲ್ಲಿ ಫೋಟೋ ತೆಗೀರಿ, ಸೀಸದಲ್ಲಿ ಬರೆದು ಮಾಸಿ ಹೋದ ಅಕ್ಷರ ಆಗ ಎದ್ದು ಕಾಣತ್ತೆ. ನನ್ನ ಹತ್ರ ಇರೋ, ಸೆಟ್ಟರ್ ಅನ್ನೋ ಬೇಟೆನಾಯಿಯ ಒಂದು ಚಿತ್ರದ ಹಿಂದೆ ಹಾಗೇ ಎರಡೇ ಮಾತು ಸಿಕ್ಕಿತ್ತು, ಟಿಪ್, ಒಂಬತ್ತು ವರ್ಷ.

4. ಬಿಚ್ಚಬೇಕಾ ಬೇಡ್ವಾ

ಕಾಗದ ಗಟ್ಟಿ ಇದೆ, ಗಾಜಿಗೆ ಅಂಟಿಲ್ಲ ಅಂದ್ರೆ ಬಿಚ್ಚಬಹುದು. ಗಾಜು ಒಡೆದಿದ್ರೆ, ಬೂಷ್ಟು ಹಿಡಿದಿದ್ರೆ, ಚಿತ್ರ ಅಂಟಿದ್ರೆ ನೀವು ಕೈ ಹಾಕ್ಬೇಡಿ, ಕನ್ಸರ್ವೇಟರ್ ಹತ್ರ ಹೋಗಿ. ಕನ್ಸರ್ವೇಟರ್ ಅಂದ್ರೆ ಹಳೇ ಕಾಗದ, ಚಿತ್ರ ಉಳಿಸೋದನ್ನೇ ಓದಿ ಕಲಿತೋರು, ಫ್ರೇಮ್ ಅಂಗಡಿಯವರು ಬೇರೆ ಇವರು ಬೇರೆ. ಅಮೆರಿಕನ್ ಇನ್ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್ ಅನ್ನೋ ಸಂಸ್ಥೆಯ ವೆಬ್‌ಸೈಟಲ್ಲಿ ನಿಮ್ಮೂರ ಹತ್ರ ಯಾರಿದಾರೆ ಅಂತ ಹುಡುಕಬಹುದು, ಕಾಗದದ ಕೆಲಸ ಮಾಡೋರನ್ನೇ ಆರಿಸ್ಕೊಳ್ಳಿ.

ಬಿಚ್ಚೋ ಕ್ರಮ: ಟೇಬಲ್ ಮೇಲೆ ದಪ್ಪ ಟವೆಲ್, ಅದರ ಮೇಲೆ ಬಿಳಿ ಹಾಳೆ, ಫ್ರೇಮನ್ನ ನಿಧಾನಕ್ಕೆ ಬೋರಲು ಮಲಗಿಸಿ. ಮೊಳೆಯನ್ನ ಇಕ್ಕಳದಲ್ಲಿ ಹಿಡಿದು ನೇರ ಎಳೀರಿ, ಸುತ್ತಿಗೆ ಮುಟ್ಟಬೇಡಿ, ಒಂದೊಂದು ಏಟಿಗೂ ಅಷ್ಟಷ್ಟು ಇದ್ದಿಲು ಉದುರತ್ತೆ. ಹಿಂದಿನ ರಟ್ಟು ತೆಗೆದ ಮೇಲೆ ಮ್ಯಾಟ್ ಮತ್ತು ಚಿತ್ರ ಎರಡನ್ನೂ ಒಟ್ಟಿಗೇ ಎತ್ತಿ ಮೇಲ್ಮುಖ ಮಾಡಿ ಇಡಿ. ಹಳೇ ಟೇಪ್ ಹಚ್ಚಿದ್ರೆ ಕಿತ್ತು ತೆಗೆಯೋಕೆ ಹೋಗ್ಬೇಡಿ, ಟೇಪ್ ಜೊತೆ ಕಾಗದದ ಸಿಪ್ಪೆನೂ ಬರತ್ತೆ.

ಈಗ ಗಾಜನ್ನ ಕಿಟಕಿ ಬೆಳಕಿಗೆ ಹಿಡೀರಿ. ಟಿಪ್ ಚಿತ್ರ ಬಿಚ್ಚಿದಾಗ ಗಾಜಿನ ಒಳಗಡೆ ಇನ್ನೊಂದು ನಾಯಿ ಇತ್ತು, ಅದೇ ಕಿವಿ, ಅದೇ ಮೂತಿ, ಹೊಗೆಯಲ್ಲಿ ಬರೆದ ಹಾಗೆ ತೆಳ್ಳಗೆ. ಅಷ್ಟು ವರ್ಷದಲ್ಲಿ ಉದುರಿ ಗಾಜಿಗೆ ಹತ್ತಿದ ಇದ್ದಿಲು ಅದು. ಹೀಗೆ ಕಂಡ್ರೆ ಗಾಜು ತೊಳೆಯೋಕೆ ಮುಂಚೆ ಒಂದು ಫೋಟೋ ತಗೊಳ್ಳಿ, ಚಿತ್ರದ ಪುಡಿ ಭದ್ರವಾಗಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ, ಮುಂದೆ ಫ್ರೇಮ್ ಮಾಡೋರಿಗೆ ತೋರಿಸೋಕೆ ಬೇಕಾಗತ್ತೆ.

5. ಕಾಗದ ಏನು ಹೇಳತ್ತೆ

ಕೋಣೆ ಕತ್ತಲೆ ಮಾಡಿ ಯುವಿ ಟಾರ್ಚ್ ಬಿಡಿ. ಕಾಗದ ನೀಲಿ ಬಿಳುಪಾಗಿ ಝಗ್ ಅಂತ ಹೊಳೆದ್ರೆ ಅದರಲ್ಲಿ ಬಿಳುಪು ಹೆಚ್ಚಿಸೋ ರಾಸಾಯನಿಕ ಇದೆ, ನಾವು ಬಿಳೀ ಪಂಚೆಗೆ ಹಾಕೋ ಸೋಪಿನ ಪುಡಿಯಲ್ಲಿರೋ ಥರದ್ದೇ, ಟಾರ್ಚ್ ನಿಮ್ಮ ಬನಿಯನ್ ಮೇಲೆ ಬಿಟ್ಟು ನೋಡಿ ಹೋಲಿಸಿ. ಕಾಗದಕ್ಕೆ ಇದನ್ನ ಸೇರಿಸೋದು ಶುರುವಾಗಿದ್ದು ಸುಮಾರು 1950ರ ಆಸುಪಾಸು. ಹಾಗಾಗಿ 1928 ಅಂತ ತಾರೀಖು ಹಾಕಿರೋ ಚಿತ್ರದ ಕಾಗದ ಹೀಗೆ ಹೊಳೆದ್ರೆ ಏನೋ ಎಡವಟ್ಟಿದೆ. ಆದ್ರೆ ಹೊಳೀಲಿಲ್ಲ ಅಂದಾಕ್ಷಣ ಹಳೇದು ಅಂತಾನೂ ಅಲ್ಲ, ಒಳ್ಳೇ ಹತ್ತಿ ಕಾಗದಕ್ಕೆ ಇವತ್ತೂ ಅದನ್ನ ಹಾಕದೇ ಇರೋರಿದಾರೆ.

ಇದ್ದಿಲಿಗೆ ಅಂತಲೇ ಮಾಡಿದ ಕಾಗದದಲ್ಲಿ ಬೆಳಕಿಗೆ ಹಿಡಿದ್ರೆ ಒತ್ತೊತ್ತಾದ ಅಡ್ಡ ಗೆರೆ ಕಾಣತ್ತೆ, ಅಂಚಲ್ಲಿ ಕಂಪನಿ ಹೆಸರಿನ ನೀರುಗುರುತು ಇರಬಹುದು, ಸ್ಟ್ರಾತ್ಮೋರ್, ಕ್ಯಾನ್ಸನ್ ಇವೆಲ್ಲ ಸಾಮಾನ್ಯ. ಸ್ಟ್ರಾತ್ಮೋರ್ ಮ್ಯಾಸಚೂಸೆಟ್ಸಲ್ಲಿ 1892ರಲ್ಲಿ ಶುರುವಾದ ಗಿರಣಿ ಕಾಗದ, ಇವತ್ತಿಗೂ ಬರತ್ತೆ. ಗೆರೆ ನೋಡೋಕೆ ಅಂತ ಚಿತ್ರ ನೆಟ್ಟಗೆ ಎತ್ತಿ ಬಲ್ಬಿಗೆ ಹಿಡೀಬೇಡಿ, ಮಲಗಿಸಿದ ಹಾಗೇ ಒಂದು ಮೂಲೆ ಕೆಳಗೆ ಫೋನಿನ ಟಾರ್ಚ್ ತೂರಿಸಿದ್ರೆ ಸಾಕು.

ತುಕ್ಕು ಬಣ್ಣದ ಚುಕ್ಕೆ ಎರಡು ಥರ. ಕಾಗದದ ಒಳಗಿಂದ ಎದ್ದ ಹಾಗೆ ಅಂಚು ಮಸುಕಾಗಿದ್ರೆ ಅದು ಫಾಕ್ಸಿಂಗ್, ತೇವದಿಂದ ಬರೋದು. ಬರೀ ಮುಂಭಾಗದಲ್ಲಿ, ಸಿಂಪಡಿಸಿದ ಹಾಗೆ ಹಳದಿ ಹನಿ ಇದ್ರೆ ಅದು ಹಳೇ ಫಿಕ್ಸೆಟಿವ್ ಇರಬಹುದು, ಅಂದ್ರೆ ಪುಡಿ ಹಾರದ ಹಾಗೆ ಊದುಕೊಳವೆಯಲ್ಲಿ ಊದ್ತಿದ್ದ ಅರಗಿನ ದ್ರಾವಣ. ಆಗಿನ ಕಾಲದಲ್ಲೇ ಊದಿದ್ದು ಅಂದ್ರೆ ಅದು ದೋಷ ಅಲ್ಲ, ಚಿತ್ರದ ಭಾಗ.

6. ಸಹಿ ಹಿಂದೆ ಬೀಳೋದು

ಸಹಿಯನ್ನ ಮೊದಲು ಲೂಪಲ್ಲಿ ನೋಡಿ. ಚಿತ್ರದ ಇದ್ದಿಲಲ್ಲೇ, ಅದೇ ಒತ್ತಡದಲ್ಲಿ ಇದ್ರೆ ಒಳ್ಳೇದು. ಚಿತ್ರ ಎಲ್ಲ ಮಾಸಿ ಸಹಿ ಮಾತ್ರ ಹೊಸ ಮದುಮಗನ ಹಾಗೆ ಮಿಂಚ್ತಿದ್ರೆ ಅನುಮಾನ ಪಡಿ. ಚಿತ್ರದ ಕೆಳಗೆ ಬಿಳೀ ಅಂಚಲ್ಲಿ ಪೆನ್ಸಿಲ್ ಸಹಿ ಇದ್ದು, ಚಿತ್ರದ ಸುತ್ತ ಕಾಗದ ಒತ್ತಿದ ಚೌಕದ ಗುರುತು ಇದ್ರೆ ಅದು ಇದ್ದಿಲೇ ಅಲ್ಲ, ಎಚಿಂಗ್, ತಾಮ್ರದ ತಗಡಿಂದ ಒತ್ತಿದ್ದು. ಮಾರ್ಗರೀಟ್ ಕರ್ಮ್ಸ್, ಮೋರ್ಗನ್ ಡೆನ್ನಿಸ್ ಅನ್ನೋ ಕಲಾವಿದರ ಟೆರಿಯರ್ ನಾಯಿ ಎಚಿಂಗುಗಳು ಈ ದೇಶದ ಎಸ್ಟೇಟ್ ಸೇಲುಗಳಲ್ಲಿ ಆಗಾಗ ಸಿಗತ್ತೆ, ಜನ ಅದನ್ನೇ ಇದ್ದಿಲು ಚಿತ್ರ ಅಂದ್ಕೋತಾರೆ.

ಒಹಾಯೋದಲ್ಲಿ ಬೇಟೆನಾಯಿ ಚಿತ್ರ ಸಿಕ್ಕಿದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಹೆಸರು ಎಡ್ಮಂಡ್ ಆಸ್ಟ್‌ಹೌಸ್. 1858ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಟೊಲೀಡೋದಲ್ಲಿ ನೆಲೆ ನಿಂತು, 1928ರಲ್ಲಿ ತೀರಿಕೊಂಡ ಈತ ಸೆಟ್ಟರ್, ಪಾಯಿಂಟರ್ ನಾಯಿಗಳನ್ನ ಬರೆದೇ ಹೆಸರಾದೋರು, ಬಂದೂಕಿನ ಮದ್ದು ಮಾಡ್ತಿದ್ದ ಡ್ಯೂಪಾಂಟ್ ಕಂಪನಿ ಇವರ ನಾಯಿ ಚಿತ್ರಗಳನ್ನ ಅಚ್ಚು ಹಾಕಿಸಿ ಹಂಚಿತ್ತು. ಅಂದ್ರೆ ಈ ಹೆಸರಿನ ಅಚ್ಚುಗಳೇ ಬೇಕಾದಷ್ಟು ಓಡಾಡ್ತಿವೆ, ಅದನ್ನ ನೋಡಿ ಮಕ್ಕಿಕಾಮಕ್ಕಿ ಬರೆದ ಇದ್ದಿಲು ಚಿತ್ರಗಳೂ ಇವೆ. ಆಸ್ಟ್‌ಹೌಸ್ ಸಿಕ್ಕಿಬಿಟ್ರು ಅಂತ ಮನೆಯವರಿಗೆಲ್ಲ ಫೋನ್ ಮಾಡೋ ಮೊದ್ಲು 2ನೇ ಹಂತ ಇನ್ನೊಂದ್ಸಲ ಮಾಡಿ.

ಸಣ್ಣ ಹೆಸರುಗಳನ್ನ ಹುಡುಕೋದೇ ನಿಜವಾದ ಮಜಾ. ಹೀಗೆ ಹೋಗಿ: ಅಡ್ಡಹೆಸರು ಅರ್ಧ ಓದೋಕಾದ್ರೂ ಸಾಕು, ಊರ ಪಬ್ಲಿಕ್ ಲೈಬ್ರರಿಗೆ ಹೋಗಿ ಹಳೇ ಸಿಟಿ ಡೈರೆಕ್ಟರಿ ಕೇಳಿ. ಅದರಲ್ಲಿ ಊರಿನ ಜನರ ಹೆಸರು, ಕಸುಬು, ಮನೆ ವಿಳಾಸ ವರ್ಷವಾರು ಇರತ್ತೆ. ಜನಗಣತಿ ಪುಸ್ತಕಗಳನ್ನ ಇಲ್ಲಿ 72 ವರ್ಷ ಆದ್ಮೇಲೆ ಬಯಲು ಮಾಡ್ತಾರೆ, 1950ರ ಗಣತಿ 2022ರಲ್ಲಿ ಹೊರಬಂತು, ಅದರಲ್ಲೂ ಕಸುಬು ಇರತ್ತೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕಾ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಹಳೇ ಪತ್ರಿಕೆಗಳನ್ನ ಪುಕ್ಕಟೆ ಹುಡುಕಬಹುದು. ಕ್ಲೀವ್ಲೆಂಡ್ ಕಡೆಯವರಾದ್ರೆ ಅಲ್ಲಿನ ಕಲಾ ಮ್ಯೂಸಿಯಂ 1919ರಿಂದ 1993ರ ತನಕ ಸ್ಥಳೀಯ ಕಲಾವಿದರಿಗೆ ಅಂತಲೇ ಮೇ ಶೋ ನಡೆಸ್ತಿತ್ತು, ಅದರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಹೆಸರು ಹೊಂದಿದ ತಕ್ಷಣ ನಂಬ್ಬೇಡಿ, ಜೆ. ಮಿಲ್ಲರ್ ಅಂತ ಇದ್ರೆ ಆ ಊರಲ್ಲಿ ನಲವತ್ತು ಜನ ಜೆ. ಮಿಲ್ಲರ್ ಇರ್ತಾರೆ, ನಮ್ಮ ಕಡೆ ಮಂಜುನಾಥ ಇದ್ದ ಹಾಗೆ.

7. ನಾಯಿಯಿಂದ ಕಾಲ ಹಿಡಿಯೋದು

ನಾಯಿಗೂ ಫ್ಯಾಶನ್ ಇತ್ತು. ತಳಿ ನಾಯಿಗಳನ್ನ ನೋಂದಣಿ ಮಾಡೋ ಅಮೆರಿಕನ್ ಕೆನಲ್ ಕ್ಲಬ್ ಶುರುವಾಗಿದ್ದು 1884ರಲ್ಲಿ. ಅವರ ನೋಂದಣಿ ಲೆಕ್ಕದಲ್ಲಿ ಕಾಕರ್ ಸ್ಪ್ಯಾನಿಯಲ್ 1936ರಿಂದ 1952ರ ತನಕ ಮೊದಲ ಸ್ಥಾನದಲ್ಲಿತ್ತು, ಆಮೇಲೆ ಆ ದಶಕದ ಕೊನೆ ತನಕ ಬೀಗಲ್, 1960ರಿಂದ 1982ರ ತನಕ ಪೂಡಲ್. ಬಾಸ್ಟನ್ ಟೆರಿಯರನ್ನ ಕ್ಲಬ್ ಒಪ್ಪಿಕೊಂಡಿದ್ದೇ 1893ರಲ್ಲಿ. ಇದು ಪುರಾವೆ ಅಲ್ಲ, ಸುಳಿವು ಅಷ್ಟೇ, ಕಾಕರ್ ಸಾಕಿದೋರು ಯಾವಾಗಲೂ ಇದ್ರು. ಕುತ್ತಿಗೆ ಪಟ್ಟಿ, ಅದಕ್ಕೆ ನೇತಾಡೋ ಬಿಲ್ಲೆ ಕಂಡ್ರೆ ಲೂಪ್ ಹಾಕಿ, ಕಲಾವಿದ ಹೆಸರೋ ವರ್ಷವೋ ಬರೆದಿರೋ ಸಾಧ್ಯತೆ ಇದೆ.

ತಳಿ ಗೊತ್ತಾಗದಿದ್ರೆ ಊಹೆ ಮಾಡಿ ಹೆಸರಿಡಬೇಡಿ. ಒಬ್ರು ಮುಧೋಳ ನಾಯಿ ಅಮೆರಿಕಕ್ಕೆ ಯಾವಾಗ ಬಂತು ಅಂತ ಬಹಳ ಉತ್ಸಾಹದಲ್ಲಿ ಕೇಳಿದ್ರು, ಅದು ಗ್ರೇಹೌಂಡ್. ನ್ಯೂಯಾರ್ಕಲ್ಲಿ ಕೆನಲ್ ಕ್ಲಬ್ಬಿನದ್ದೇ ನಾಯಿ ಮ್ಯೂಸಿಯಂ ಇದೆ, 2019ರಲ್ಲಿ ಸೇಂಟ್ ಲೂಯಿಸ್ ಕಡೆಯಿಂದ ವಾಪಸ್ ಬಂದಿದ್ದು, ಆ ಕಡೆ ಹೋದ್ರೆ ನೋಡಿ, ಹಳೇ ಕಾಲದಲ್ಲಿ ಯಾವ ತಳಿ ಹೇಗಿತ್ತು ಅಂತ ಕಣ್ಣಿಗೆ ಕೂರತ್ತೆ.

8. ಕ್ಲೀನಿಂಗ್ ಅನ್ನೋ ಪಾಪಕೃತ್ಯ

ಬ್ರೆಡ್ಡಲ್ಲಿ ಉಜ್ಜಬೇಡಿ. ಹಿಂದೆ ಕಲಾವಿದರು ಇದ್ದಿಲು ಅಳಿಸೋಕೇ ಬ್ರೆಡ್ ಬಳಸ್ತಿದ್ರು, ಅಳಿಸೋ ಸಾಮಾನಲ್ಲಿ ಕ್ಲೀನ್ ಮಾಡ್ತೀನಿ ಅಂದ್ರೆ ಏನರ್ಥ ಹೇಳಿ. ಬ್ರಶ್ ಬೇಡ, ಬಾಯಲ್ಲಿ ಊದೋದು ಬೇಡ, ಎಂಜಲು ಹಾರತ್ತೆ, ಕೀಬೋರ್ಡಿಗೆ ಹೊಡೆಯೋ ಗಾಳಿ ಡಬ್ಬಿ ಬೇಡ. ಹೇರ್ ಸ್ಪ್ರೇ ಹೊಡೆದ್ರೆ ಪುಡಿ ನಿಲ್ಲತ್ತೆ ಅನ್ನೋದು ಕಾಲೇಜು ಹುಡುಗರ ಉಪಾಯ, ಕಾಲ ಕಳೆದ ಹಾಗೆ ಹಳದಿ ತಿರುಗತ್ತೆ. ಅಂಗಡಿಯಲ್ಲಿ ಸಿಗೋ ಫಿಕ್ಸೆಟಿವ್ ಡಬ್ಬಿನೂ ಹಳೇ ಚಿತ್ರಕ್ಕೆ ಬೇಡ, ಅದು ಬಿದ್ದ ಕೂಡಲೇ ಬೂದಿ ಛಾಯೆಗಳು ಗಾಢವಾಗಿಬಿಡತ್ತೆ, ಬಿಳೀ ಚಾಕ್ ಅಂತೂ ಕಾಣದ ಹಾಗೆ ಮಂಕಾಗತ್ತೆ.

ನೀವು ಮಾಡಬಹುದಾದ್ದು ಗಾಜು ತೊಳೆಯೋದು, ಫ್ರೇಮ್ ಒರೆಸೋದು, ಅದೂ ಚಿತ್ರವನ್ನ ಬೇರೆ ರೂಮಲ್ಲಿಟ್ಟು.

9. ಹೊಸ ಫ್ರೇಮ್

ಇಲ್ಲಿ ನಾನು ಸ್ವತಃ ಪೆಟ್ಟು ತಿಂದಿದೀನಿ. ಮೊದಮೊದಲು ಏನೂ ಹೇಳದೆ ಒಂದು ಅಂಗಡಿಗೆ ಕೊಟ್ಟೆ, ಕಾಗದ ಸ್ವಲ್ಪ ಅಲೆಅಲೆಯಾಗಿದೆ ನೆಟ್ಟಗೆ ಮಾಡಿಕೊಡ್ತೀವಿ ಅಂದ್ರು, ಡ್ರೈ ಮೌಂಟ್ ಮಾಡಿಟ್ರು, ಅಂದ್ರೆ ಕಾವು ಕೊಟ್ಟು ಇಡೀ ಚಿತ್ರವನ್ನ ರಟ್ಟಿಗೆ ಅಂಟಿಸೋದು. ಇಸ್ತ್ರಿ ಹಾಕಿದ ಹಾಗೆ ನೆಟ್ಟಗಾಯ್ತು ನಿಜ, ಇದ್ದಿಲಿನ ಮಖಮಲ್ಲು ಮೈ ಹೋಯ್ತು, ಇನ್ನು ಬಿಡಿಸೋ ಹಾಗೂ ಇಲ್ಲ. ಕಾಗದ ಅಲೆಅಲೆಯಾಗಿದ್ರೆ ಇರಲಿ ಬಿಡಿ.

ಅಂಗಡಿಯವರಿಗೆ ಹೇಳಬೇಕಾದ ಮಾತು ಇಷ್ಟು, ಫೋನಲ್ಲಿ ಬರ್ಕೊಂಡು ಹೋಗಿ. ಇದು ಪುಡಿ ಉದುರೋ ಇದ್ದಿಲು ಚಿತ್ರ. ಡ್ರೈ ಮೌಂಟ್ ಬೇಡ, ಸ್ಪ್ರೇ ಅಂಟು ಬೇಡ, ಟೇಪ್ ಬೇಡ, ಮೇಲಂಚಲ್ಲಿ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿಯನ್ನ ಗೋಧಿ ಗಂಜಿಯ ಅಂಟಲ್ಲಿ ಹಚ್ಚಿ ನೇತು ಹಾಕಿ, ಇದಕ್ಕೆ ಹಿಂಜ್ ಅಂತಾರೆ. ಗಂಜಿ ಯಾಕೆ ಅಂದ್ರೆ ನಾಳೆ ತೆಗೀಬೇಕು ಅಂದ್ರೆ ಸ್ವಲ್ಪ ತೇವಕ್ಕೆ ಬಿಟ್ಕೊಳತ್ತೆ, ನಮ್ಮಜ್ಜಿ ಮೈದಾ ಅಂಟು ಕಾಯಿಸ್ತಿದ್ರಲ್ಲ ಅದರ ಒಳ್ಳೇ ತಂಗಿ. ಮ್ಯಾಟ್ ಆಮ್ಲ ಇಲ್ಲದ ಹತ್ತಿ ರಟ್ಟಿಂದಾಗಲಿ, ಆದಷ್ಟು ದಪ್ಪದ್ದು, ಎಂಟು ಪದರದ್ದು ಸಿಗತ್ತೆ. ಕಿಟಕಿಯ ಅಂಚನ್ನ ಒಳಮುಖ ಓರೆಯಾಗಿ ಕತ್ತರಿಸೋಕೆ ಹೇಳಿ, ಉದುರಿದ ಪುಡಿ ಮ್ಯಾಟಿನ ಬಿಳೀ ಅಂಚಲ್ಲಿ ಕೂರದೆ ಹಿಂದಕ್ಕೆ ಜಾರಿ ಬೀಳತ್ತೆ.

ಮುಂದೆ ಗಾಜೇ ಬೇಕು. ಸಾಧಾರಣ ಅಕ್ರಿಲಿಕ್ ಹಾಳೆ, ಅಂದ್ರೆ ಪ್ಲೆಕ್ಸಿ, ಹಗುರ ಅಂತ ಕೊಡೋಕೆ ನೋಡ್ತಾರೆ, ಬೇಡ ಅನ್ನಿ. ಬಟ್ಟೆಯಲ್ಲಿ ಒರೆಸಿದ ಕೂಡಲೇ ಅದರಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ, ಬಾಚಣಿಗೆ ಕಾಗದದ ಚೂರನ್ನ ಎಳೆಯೋ ಹಾಗೆ ಇದ್ದಿಲ ಪುಡಿಯನ್ನ ಎಳ್ಕೊಳತ್ತೆ. ಸ್ಥಾಯೀ ವಿದ್ಯುತ್ ಹಿಡಿಯದ ಮ್ಯೂಸಿಯಂ ದರ್ಜೆ ಅಕ್ರಿಲಿಕ್ಕೂ ಇದೆ, ಬೆಲೆ ಕೇಳಿದ್ರೆ ಗಾಜೇ ಸಾಕು ಅನ್ಸತ್ತೆ. ಯುವಿ ತಡೆಯೋ ಗಾಜು ಹಾಕ್ಸಿ, ಇದ್ದಿಲು ಬೆಳಕಿಗೆ ಮಾಸಲ್ಲ ಆದ್ರೆ ಕಾಗದ ಕಂದಾಗತ್ತೆ.

ಹಳೇ ಫ್ರೇಮ್ ಚೆನ್ನಾಗಿದ್ರೆ ಅದನ್ನೇ ಉಳಿಸಿ, ಹಳೇ ಚೀಟಿಯಿರೋ ಕಾಗದ ಕತ್ತರಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಹೊಸ ಹಿಂಬದಿಗೆ ಹಚ್ಚೋಕೆ ಹೇಳಿ. ಅಂಗಡಿಯವರು ಕೇಳದೇನೇ ಬಿಸಾಡ್ತಾರೆ, ಮೊದಲೇ ಹೇಳಿ.

10. ನೇತು ಹಾಕೋದು, ಸಾಗಿಸೋದು

ಬೆಂಕಿಗೂಡಿನ ಮೇಲೆ ಬೇಡ, ಸಿನಿಮಾದಲ್ಲಿ ಚೆಂದ ಅಷ್ಟೇ. ಬಚ್ಚಲು ಬೇಡ, ಒಗ್ಗರಣೆ ಹೊಗೆ ಹೋಗೋ ಗೋಡೆ ಬೇಡ, ಬಿಸಿಲು ಬೀಳೋ ಗೋಡೆ ಬೇಡ, ಡಬ್ ಅಂತ ಹಾಕೋ ಬಾಗಿಲ ಪಕ್ಕದ ಗೋಡೆನೂ ಬೇಡ. ಬೇಸ್ಮೆಂಟಲ್ಲಿ ಇಡೋದಾದ್ರೆ ತೇವ ಹೀರೋ ಯಂತ್ರ ಓಡ್ತಿರಲಿ, ಗಾಳಿಯ ತೇವ ಶೇಕಡಾ 50ರ ಆಸುಪಾಸಲ್ಲಿ ಏರಿಳಿತ ಇಲ್ಲದೆ ಇದ್ರೆ ಒಳ್ಳೇದು. ಊರಿಗೆ, ಅದರಲ್ಲೂ ಮಂಗಳೂರು ಉಡುಪಿ ಕಡೆ ಒಯ್ಯೋರು ಮಳೆಗಾಲ ನೆನಪಿಟ್ಕೊಳ್ಳಿ, ಹೊರಗೋಡೆಗೆ ನೇತು ಹಾಕಿದ್ರೆ ಒಂದೇ ಮಳೆಗಾಲಕ್ಕೆ ಬೂಷ್ಟು.

ವಿಮಾನದಲ್ಲಿ ಒಯ್ಯೋದಾದ್ರೆ ಸುರುಳಿ ಸುತ್ತಿ ಕೊಳವೆಯಲ್ಲಿ ತುರುಕಬೇಡಿ, ಇದ್ದಿಲು ಪೂರ್ತಿ ಉಜ್ಜಿಹೋಗತ್ತೆ. ಫ್ರೇಮಿಂದ ತೆಗೆದು, ಮ್ಯಾಟ್ ಹಾಗೇ ಇಟ್ಟು, ಮೇಲೆ ಇನ್ನೊಂದು ಗಟ್ಟಿ ರಟ್ಟು ಮುಚ್ಚಿ ಸುತ್ತ ಭದ್ರ ಮಾಡಿ, ಒಳಗೆ ಏನೂ ಚಿತ್ರಕ್ಕೆ ತಾಗಬಾರದು, ಚಿತ್ರ ಅಲ್ಲಾಡಲೂ ಬಾರದು. ಕೈಚೀಲದಲ್ಲೇ ಒಯ್ಯಿರಿ.

11. ಬೆಲೆ

ಎಲ್ಲರೂ ಮೊದಲು ಕೇಳೋದನ್ನ ಬೇಕಂತಲೇ ಕೊನೆಗಿಟ್ಟಿದೀನಿ. ಇಬೇ ಅನ್ನೋ ಮಾರಾಟದ ವೆಬ್‌ಸೈಟಲ್ಲಿ ಯಾರೋ 900 ಡಾಲರ್ ಅಂತ ಹಾಕಿದ್ರೆ ಅದು ಅವರ ಆಸೆ, ಬೆಲೆ ಅಲ್ಲ. ಮಾರಾಟವಾದವು ಮಾತ್ರ ತೋರಿಸೋ ಆಯ್ಕೆ ಒತ್ತಿ ನೋಡಿ. ಹರಾಜು ಪಟ್ಟಿಯಲ್ಲಿ ಬರೋ ಮಾತುಗಳಿಗೂ ಅರ್ಥ ಇದೆ: ಅಟ್ರಿಬ್ಯೂಟೆಡ್ ಟು ಅಂದ್ರೆ ಅವರದ್ದೇ ಇರಬಹುದು ಅನ್ನೋ ಅಭಿಪ್ರಾಯ, ಆಫ್ಟರ್ ಅಂದ್ರೆ ಅವರದ್ದನ್ನ ನೋಡಿ ಬರೆದ ನಕಲು, ಬೇರ್ಸ್ ಸಿಗ್ನೇಚರ್ ಅಂದ್ರೆ ಸಹಿಯಂತೂ ಇದೆ ಅವರದ್ದೇ ಅಂತ ನಾವು ಹೇಳಲ್ಲ ಅಂತ. ಕೂಗಿ ನಿಂತ ಬೆಲೆ ಮೇಲೆ ಕೊಳ್ಳೋರ ಕಮಿಷನ್ ಬೇರೆ ಸೇರತ್ತೆ, ಅದನ್ನ ಮರೆತು ಕೈ ಎತ್ತಬೇಡಿ.

ಹೆಸರಿಲ್ಲದ ಊರ ಕಲಾವಿದನ ಚಿತ್ರಕ್ಕೆ ನಾನು ಕೊಡೋದು ಹೆಚ್ಚಂದ್ರೆ 60 ಡಾಲರ್, ಫ್ರೇಮಿಗೆ ಅದರ ನಾಲ್ಕು ಪಟ್ಟು ಹೋಗತ್ತೆ, ಲೆಕ್ಕ ಹಾಕಿದ್ರೆ ನಷ್ಟವೇ. ಬೆಲೆ ಏರಿಸೋದು ತಲೆಯೆತ್ತಿದ ಭಾವ, ಒಳ್ಳೇ ಕಣ್ಣು, ಜನಪ್ರಿಯ ತಳಿ, ನಾಯಿ ಹೆಸರು, ಪತ್ತೆಯಾದ ಕಲಾವಿದ. ಇಳಿಸೋದು ಡ್ರೈ ಮೌಂಟ್, ಅಂಚು ಕತ್ತರಿಸಿದ ಕಾಗದ, ಯಾರೋ ಆಮೇಲೆ ತಿದ್ದಿದ ಗೆರೆ. ಮತ್ತೆ ಚಿತ್ರ ನಿಮ್ಮದಾಯ್ತು ಅಂದ್ರೆ ಅದನ್ನ ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರೋ ಹಕ್ಕು ತಾನಾಗೇ ಬಂದ ಹಾಗಲ್ಲ, ಕಲಾವಿದನ ವಾರಸುದಾರರದ್ದು ಇರಬಹುದು.

ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕಿದ್ದನ್ನೆಲ್ಲ ಒಂದು ಆಮ್ಲ ಇಲ್ಲದ ಹಾಳೆಯಲ್ಲಿ ಸೀಸದ ಕಡ್ಡಿಯಲ್ಲಿ ಬರೆದು ಫ್ರೇಮಿನ ಹಿಂದಿನ ಲಕೋಟೆಗೆ ಹಾಕಿ: ಎಲ್ಲಿ ಕೊಂಡಿರಿ, ಯಾವ ತಾರೀಖು, ಯಾರ ಮನೆ ಸೇಲು, ಹಿಂದೆ ಏನು ಬರೆದಿತ್ತು, ಯಾವುದು ಖಚಿತ ಯಾವುದು ನಿಮ್ಮ ಊಹೆ. ಇಂಗ್ಲಿಷಲ್ಲೂ ಒಂದು ಪ್ರತಿ ಇರಲಿ, ಮುಂದೆ ಯಾವತ್ತೋ ನಿಮ್ಮ ಮನೆಯ ಎಸ್ಟೇಟ್ ಸೇಲಲ್ಲಿ ಅದನ್ನ ತಿರುಗಿಸಿ ನೋಡೋರಿಗೆ ಕನ್ನಡ ಬರಬೇಕಲ್ಲ.